ಹೆಚ್ಚೋ, ಕಮ್ಮಿಯೋ, ಅಷ್ಟೆಯೋ

ಟೊಲೀಡೊ, ಜನವರಿ. ಮಾಮೀ ಹೊಳೆ
ಅರ್ಧ ಹೆಪ್ಪು, ಅರ್ಧ ನೀರು.
ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ, ಬಾಯ್ಲರಿನ ಗೋಡೆಗೆ ಬೆನ್ನು ಕೊಟ್ಟು
ನನಗೊಂದು ಮೇಜು, ಒಂದು ಫೋನು,
ಓಹಾಯೊದ ಈ ಮೂಲೆಯ ಕಾರ್ಖಾನೆಗಳ ಪಟ್ಟಿ.
ತಿಂಗಳ ಮೊದಲ ವಾರ ಎಲ್ಲರಿಗೂ ಒಂದೇ ಮಾತು:
ಹೋದ ತಿಂಗಳಿಗಿಂತ ಆರ್ಡರು
ಹೆಚ್ಚೋ, ಕಮ್ಮಿಯೋ, ಅಷ್ಟೆಯೋ?

ಎಷ್ಟು ಎಂದು ಕೇಳುವಂತಿಲ್ಲ.
ಯಾಕೆ ಎಂದಂತೂ ಇಲ್ಲವೇ ಇಲ್ಲ.
ಹೆಚ್ಚಿಗೆ ಒಂದು, ಅಷ್ಟೆಗೆ ಅರೆ, ಕಮ್ಮಿಗೆ ಸೊನ್ನೆ.
ಕೂಡಿ, ಭಾಗಿಸಿ, ನೂರಕ್ಕೆ ಹಿಗ್ಗಿಸಿದಾಗ
ಐವತ್ತರ ಮೇಲೆ ಬಂದರೆ ಚೇತರಿಕೆ.
ಕೆಳಗೆ ಬಂದದ್ದಕ್ಕೆ
ಪ್ರೊಫೆಸರ್ ಓಸ್ಟರ್‌ಹೌಟ್ ಬೇರೆ ಹೆಸರು ಹುಡುಕುತ್ತಾರೆ.

ದೇಶದ ಲೆಕ್ಕಿಗರ ಪ್ರಕಾರ ಹಿಂಜರಿತ ಮುಗಿದು
ಒಂದೂವರೆ ವರ್ಷವಾಯಿತು.
ಊಟದೆಲೆ ಎತ್ತಿದ ಮೇಲೆ ಮದುವೆಯ ಕರೆಯೋಲೆ ಬಂದ ಹಾಗೆ
ನಮಗೆ ಸುದ್ದಿ ಮುಟ್ಟಿತು.

ರಟ್ಟಿನ ಪೆಟ್ಟಿಗೆಯ ಎಥೆಲ್ ಸಾಬೊ
ಹದಿನಾಲ್ಕು ತಿಂಗಳಿಂದ "ಅಷ್ಟೆ" ಅನ್ನುತ್ತಾಳೆ.
ನಿಟ್ಟುಸಿರಿನ ಅಷ್ಟೆ, ಕೆಮ್ಮಿನ ಅಷ್ಟೆ,
ಹಿಂದೆ ಮೆಷಿನ್ನು ಓಡುತ್ತಿರುವ ಅಷ್ಟೆ,
ಮೆಷಿನ್ನು ನಿಂತಿರುವ ಅಷ್ಟೆ.
ಕಾಗದದ ಮೇಲೆ ಎಲ್ಲವೂ ಅರೆ.

ಸ್ಪ್ರಿಂಗು ಮಾಡುವ ಡ್ವೇನ್ ಪ್ರುವಿಟ್ "ಹೆಚ್ಚು" ಅಂದ,
ಅಂದವನೇ ದನಿ ತಗ್ಗಿಸಿದ, ದೃಷ್ಟಿ ತಾಗೀತೆಂಬಂತೆ.
ಐವರ ಕೆಲಸ ಮೂವರ ಬೆನ್ನಿಗೆ ಬಿಗಿದಿದ್ದೇನೆ,
ಹೊಸಬರನ್ನು ತಗೊಳ್ಳಲು ಧೈರ್ಯ ಸಾಲದು ಅಂದ.
ಬಾಯಿ ಸುಟ್ಟುಕೊಂಡ ಬೆಕ್ಕು,
ಹಾಲು ಆರಿ ಕೆನೆ ಕಟ್ಟಿದರೂ ದೂರ ಕೂತು ನೋಡುತ್ತದೆ.

ಇನ್ನು ಕೆಲವು ನಂಬರುಗಳು.
ಗಂಟೆ ಹೊಡೆದುಕೊಳ್ಳುತ್ತದೆ, ಹೊಡೆದುಕೊಳ್ಳುತ್ತದೆ,
ಆಮೇಲೊಂದು ಹೆಣ್ಣುದನಿ: ಈ ಸಂಖ್ಯೆ ಚಾಲ್ತಿಯಲ್ಲಿಲ್ಲ.
ಮೂರು ತಿಂಗಳು ಎತ್ತದವರನ್ನು ಪಟ್ಟಿಯಿಂದ ಬಿಡಬೇಕು.
ನಿಯಮ.
ನೂರಾ ಹನ್ನೆರಡಿದ್ದದ್ದು ಈಗ ತೊಂಬತ್ತಾರು.
ಹೋದವರು ಕಮ್ಮಿ ಎನ್ನುವುದಿಲ್ಲ.
ಹೋದವರು ಏನೂ ಎನ್ನುವುದಿಲ್ಲ.
ಹಾಗಾಗಿ ಸರಾಸರಿ ಏರುತ್ತದೆ,
ಒಂದೊಂದು ಬೀಗಕ್ಕೆ ಒಂದೊಂದು ಕೂದಲೆಳೆ.
ಇದನ್ನು ಪ್ರೊಫೆಸರರಿಗೆ ಹೇಳಿದೆ. ಗೊತ್ತು ಎಂದರು.
ಕನ್ನಡಕ ತೆಗೆದು ಒರೆಸಿದರು, ತುಂಬ ಹೊತ್ತು ಒರೆಸಿದರು.

ಪಟ್ಟಿಯ ನಲವತ್ತೊಂದನೆಯದು
ನಾನು ಹತ್ತೊಂಬತ್ತು ವರ್ಷ ಲೆಕ್ಕ ಬರೆದ ಗಾಜಿನ ಕಾರ್ಖಾನೆ.
ಸ್ಕೇಲಿಟ್ಟು ನಾನೇ ಗೆರೆ ಎಳೆದೆ.
ಗೆರೆ ನೇರ ಬಂತು.

ಈ ತಿಂಗಳ ಕೊನೆಯ ಕರೆ ಆರ್ವಿಲ್ ಕ್ರುಶಿನ್ಸ್ಕಿಗೆ, ಮರದ ಪ್ಯಾಲೆಟ್ ಮಾಡುವವ.
ಸರಕು ಹೊರಡುವ ಮೊದಲು ಅದರಡಿಯ ಹಲಗೆ ಹೊರಡಬೇಕು,
ಒಳ್ಳೆಯದೋ ಕೆಟ್ಟದ್ದೋ, ಬರುವುದು
ಪ್ರೊಫೆಸರರಿಗಿಂತ ಮೊದಲು ಅವನಿಗೆ ಗೊತ್ತಾಗುತ್ತದೆ.
"ಒಬ್ಬನನ್ನು ವಾಪಸ್ ಕರೆದೆ," ಅಂದ. "ಟೈರೆಲ್, ನಮ್ಮ ಹಳಬ.
ಅರ್ಧ ದಿನ. ವಾರಕ್ಕೆ ಮೂರು ಸಲ."
ಹಾಗಾದರೆ ಹೆಚ್ಚು ಅಂತ ಬರೆದುಕೊಳ್ಳಲೆ?
"ಆರ್ಡರು ಅಷ್ಟೇ ಇದೆ ಮಾರಾಯ್ತಿ.
ಹಲಗೆ ಎತ್ತಲು ನನ್ನ ಭುಜ ಕೇಳುತ್ತಿಲ್ಲ.
ಏನು ಬೇಕಾದರೂ ಬರೆದುಕೋ."

ನಾಳೆ ಪೇಪರಿನಲ್ಲಿ ಬರುತ್ತದೆ: ಐವತ್ತು ಬಿಂದು ನಾಲ್ಕು,
ಪ್ರದೇಶ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ.
ಸುಳ್ಳಲ್ಲ.
ಅರೆ ಹಾಕಿದೆ. ಅಂಚಿನಲ್ಲಿ ಪೆನ್ಸಿಲಿನಿಂದ
"ಟೈರೆಲ್, ಅರ್ಧ ದಿನ" ಎಂದು ಬರೆದೆ.
ಕಂಪ್ಯೂಟರು ಅಂಚನ್ನು ಓದುವುದಿಲ್ಲ.

ಆರ್ವಿಲ್ ಫೋನು ಕೆಳಗಿಟ್ಟು ಯಾರನ್ನೋ ಕರೆಯಲು ಹೋದ,
ಕಡಿಯುವುದನ್ನು ಮರೆತು.
ಅತ್ತ ಮೊಳೆ ಹೊಡೆಯುವ ಸದ್ದು. ಠಕ್. ಠಕ್.
ಸ್ವಲ್ಪ ಬಿಟ್ಟು ಇನ್ನೊಂದು.
ನಾನೂ ಇಡಲಿಲ್ಲ.
ಹನ್ನೊಂದರವರೆಗೆ ಎಣಿಸಿದೆ.